ಬೀಗರ ಕಡೆಯ ಫುಟ್ಬಾಲ್ ಅಂಕಲ್ ಹತ್ರ ಏನು ಕೇಳಬೇಕು, ಏನು ಕೇಳಬಾರದು?

ನಾಪೋಕ್ಲು ಸೊಸೆ:

ಮೊದಲೇ ಹೇಳಿಬಿಡುತ್ತೇನೆ, ನನಗೆ ಫುಟ್ಬಾಲ್ ಗೊತ್ತಿಲ್ಲ. ನಾನು ಹಾಸನದ ಕಡೆಯವಳು. ಮದುವೆಯಾಗಿ ಕೊಡಗಿಗೆ ಬಂದು 14 ವರ್ಷ. ಬಂದ ಮೇಲೆ ಹಾಕಿ ಅಷ್ಟಿಷ್ಟು ಕಲಿತೆ. ಕಲಿಯದೆ ವಿಧಿಯಿಲ್ಲ. ಏಪ್ರಿಲ್ ಬಂದರೆ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ, ಈ ಮನೆಯಲ್ಲಿ ಬೇರೆ ಮಾತೇ ಇರುವುದಿಲ್ಲ.

ವಿಷಯ ಏನಪ್ಪಾ ಅಂದರೆ, ಈ ಸಲ ಕೈಲ್‌ಪೊಳ್ದ್‌ಗೆ, ಅಂದರೆ ಕೊಡಗಿನ ಆಯುಧ ಹಬ್ಬಕ್ಕೆ, ಎಲ್ಲರೂ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದ್ದೆವು. ಸೆಪ್ಟೆಂಬರ್ 3, ಮಳೆ ಬಿಟ್ಟೂ ಬಿಡದ ಹಾಗೆ ಹನಿಯುತ್ತಿತ್ತು. ನಮ್ಮ ಯಜಮಾನರ ದೊಡ್ಡಪ್ಪನ ಮಗನಿಗೆ ಹೋದ ವರ್ಷ ಬೆಂಗಳೂರಿನ ಹುಡುಗಿ ತಂದೆವು. ಆ ಹುಡುಗಿಯ ಅಪ್ಪ ಅಮ್ಮ ಮೊದಲ ಸಲ ಹಬ್ಬಕ್ಕೆ ಬಂದಿದ್ದರು. ಅಪ್ಪನಿಗೆ ಅರವತ್ತರ ಹತ್ತಿರ ಇರಬಹುದು. ಕುಳ್ಳಗೆ, ಗಟ್ಟಿ ಮೈ, ನಡೆಯುವಾಗ ಬಲಗಾಲು ಸ್ವಲ್ಪ ಎಳೆಯುತ್ತಾರೆ. ಕೈಯಾಲೆಯ (ಜಗಲಿಯ) ಕಂಬಕ್ಕೆ ಒರಗಿ ನಿಂತವರು ನಿಂತೇ ಇದ್ದರು. ಕೂತುಕೊಳ್ಳಿ ಅಂದರೆ "ಪರವಾಗಿಲ್ಲ ಪರವಾಗಿಲ್ಲ" ಅಂತ ನಗುತ್ತಿದ್ದರು.

ನಮ್ಮ ಮನೆಯ ಗಂಡಸರು ಒಬ್ಬೊಬ್ಬರಾಗಿ ಹೋಗಿ ಮಾತಾಡಿಸಿದರು. ಎಲ್ಲರದ್ದೂ ಒಂದೇ ಮಾತು. "ಸ್ಪೋರ್ಟ್ಸ್‌ಮನ್ ಅಂತೆ? ಹಾಕಿಯಾ?" "ಇಲ್ಲ ಸರ್, ಫುಟ್ಬಾಲ್." "ಓ." ಅಷ್ಟೇ. ಆ "ಓ" ಆದ ಮೇಲೆ ಮಳೆ ವಿಷಯ, ಕಾಫಿ ರೇಟು. ನಾಲ್ಕು ಸಲ ಕೇಳಿಸಿಕೊಂಡೆ ಆ "ಓ"ವನ್ನ. ಹೊರಗಿನವಳಾಗಿ ಬಂದ ಹೊಸದರಲ್ಲಿ ನನಗೂ ಬೇಕಾದಷ್ಟು "ಓ" ಸಿಕ್ಕಿದ್ದವು, ಹಾಗಾಗಿ ಕಿವಿಗೆ ಬೇಗ ಬಿತ್ತು.

ಆಮೇಲೆ ಊಟ. ಅಂಗಳದಲ್ಲಿ ಮಕ್ಕಳು ಮರದಿಂದ ಬಿದ್ದ ಚಕ್ಕೋತ ಒದ್ದು ಆಡುತ್ತಿದ್ದವು. ಚೆಂಡು ಬೆಳಿಗ್ಗೆಯೇ ಇಳಿಜಾರಿನ ತೋಟದೊಳಗೆ ಹೋಗಿತ್ತು, ಜಿಗಣೆಗೆ ಹೆದರಿ ಯಾರೂ ತರಲು ಹೋಗಿರಲಿಲ್ಲ. ಯಾರೋ ಜೋರಾಗಿ ಒದ್ದರು. ಚಕ್ಕೋತ ಮೆಟ್ಟಿಲಿಗೆ ಬಡಿದು, ಪುಟಿದು, ನೇರ ಕಂಬದ ಹತ್ರ ಬಂತು. ಅಂಕಲ್ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಕಡಂಬುಟ್ಟು (ಅಕ್ಕಿ ಕಡುಬು), ಅಂಚಿನ ತನಕ ಪಂದಿ ಕರಿ. ನಾನು "ಅಯ್ಯೋ" ಅನ್ನುವಷ್ಟರಲ್ಲಿ ಅವರು ಎಡಗಾಲು ಎತ್ತಿದರು. ಎತ್ತಿದರು ಅನ್ನುವುದಕ್ಕಿಂತ, ಪಾದವನ್ನು ಹಣ್ಣು ಬರುವ ದಾರಿಗೆ ಇಟ್ಟು ಅದರ ಜೊತೆಗೇ ಕೆಳಗಿಳಿಸಿದರು. ಹೊಟ್ಟಿನ ರಾಶಿ ಮೇಲೆ ಮೊಟ್ಟೆ ಬಿದ್ದ ಹಾಗೆ, ಸದ್ದೇ ಇಲ್ಲ. ಅಂಥ ಭಾರದ ಹಣ್ಣು ಅಲ್ಲೇ ನಿಂತಿತು. ಅಂಗಾಲಿನಲ್ಲಿ ಒಂದು ಸಲ ಹಿಂದಕ್ಕೆಳೆದು ನನ್ನ ಮಗನ ಕಾಲಿಗೇ ಕಳಿಸಿದರು. ತಟ್ಟೆಯ ಸಾರು ಅಲುಗಿರಲಿಲ್ಲ. ಆಮೇಲೆ ಒಂದು ಕ್ಷಣ ಕಂಬ ಹಿಡಿದುಕೊಂಡು ಕಣ್ಣು ಮುಚ್ಚಿದರು. ಭಾರವೆಲ್ಲ ಬಲಮಂಡಿ ಮೇಲೆ ಬಿದ್ದಿತ್ತಲ್ಲ. ಅದನ್ನ ನಾನೊಬ್ಬಳೇ ನೋಡಿದ್ದು.

ಈಗ ನನ್ನ ಎಡವಟ್ಟು. ಕಾಫಿ ಕೊಡೋಕೆ ಹೋದವಳು ಸುಮ್ನೆ ಇರಬಹುದಿತ್ತು. "ಫುಟ್ಬಾಲ್ ಆಡ್ತಿದ್ರಂತೆ ಅಂಕಲ್. ಕೆಲಸ ಏನು ಮಾಡ್ತಿದ್ರಿ?" ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅದೇ ಕೆಲಸ ಕಣಮ್ಮ" ಅಂದರು. ಮೊದಲು ಬೆಂಗಳೂರಿನ ಒಂದು ಫ್ಯಾಕ್ಟರಿ ಟೀಮಿಗೆ ಆಡಿದ್ದಂತೆ, ಆಮೇಲೆ ನೌಕರಿ ಬಿಟ್ಟು ಕಲ್ಕತ್ತಾಗೆ ಹೋದರಂತೆ, ಆಮೇಲೆ ಕೇರಳದಲ್ಲೂ. ಈಗ ಒಂದು ಜೆರಾಕ್ಸ್ ಅಂಗಡಿ, ಬೆಳಿಗ್ಗೆ ಬೀದಿ ಮಕ್ಕಳಿಗೆ ಕೋಚಿಂಗ್. ಇನ್ನೇನೋ ಹೇಳುತ್ತಿದ್ದರು, ಅಷ್ಟರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಶುರುವಾಯಿತು. ಎಲ್ಲರೂ ಆ ಕಡೆ ಓಡಿದರು. ಮಾತು ಅಲ್ಲಿಗೇ ನಿಂತಿತು.

ಪುತ್ತರಿಗೆ, ನಮ್ಮ ಸುಗ್ಗಿ ಹಬ್ಬಕ್ಕೆ, ಮತ್ತೆ ಬರುತ್ತಿದ್ದಾರೆ. ನನ್ನ ಮಗನಿಗೆ 13, ಮೂರು ಹೊತ್ತೂ ಫುಟ್ಬಾಲೇ. ಅಂಕಲ್ ಕೈಲಿ ಕಲಿಯಬೇಕು ಅಂತ ಅವತ್ತಿನಿಂದ ಪ್ರಾಣ ತಿನ್ನುತ್ತಿದ್ದಾನೆ. ನಮ್ಮತ್ತೆ "ಬೀಗರನ್ನ ಹಬ್ಬಕ್ಕೆ ಕರೆದು ಕೆಲಸಕ್ಕೆ ಹಚ್ತೀಯಾ?" ಅನ್ನುತ್ತಾರೆ. ಯಜಮಾನರು "ಕಾಲು ನೋವಿರೋರನ್ನ ಓಡಿಸ್ತೀಯಾ?" ಅನ್ನುತ್ತಾರೆ. ನನಗೆ ಅವರ ಹತ್ರ ಸರಿಯಾಗಿ ಒಂದು ಅರ್ಧ ಗಂಟೆ ಮಾತಾಡಬೇಕು. ಏನು ಕೇಳಿದರೆ ಖುಷಿಯಾಗುತ್ತದೆ? ಏನು ಕೇಳಿದರೆ ಮನಸ್ಸಿಗೆ ನಾಟುತ್ತದೆ? ಹುಡುಗನ ವಿಷಯ ಎತ್ತಬಹುದಾ? ಗೊತ್ತಿರುವವರು ಹೇಳಿ.

ಸುಂಟಿಕೊಪ್ಪ ಸೆಂಟರ್ ಫಾರ್ವರ್ಡ್:

ಅಕ್ಕಾ, ಕೊಡಗಿನಲ್ಲಿ ಫುಟ್ಬಾಲ್ ಇಲ್ಲ ಅಂದವರು ಯಾರು? ನಮ್ಮ ಸುಂಟಿಕೊಪ್ಪದ ಕಡೆ ಬನ್ನಿ, ಸಿದ್ದಾಪುರದ ಕಡೆ ಹೋಗಿ. ಎಸ್ಟೇಟ್ ಲೈನ್‌ಮನೆ ಹುಡುಗರೆಲ್ಲ ಇದನ್ನೇ ಆಡುವುದು. ಸ್ಟಿಕ್ ಕೊಳ್ಳೋಕೆ ದುಡ್ಡು ಬೇಕು, ಚೆಂಡಾದರೆ ಇಪ್ಪತ್ತು ಜನಕ್ಕೆ ಒಂದು ಸಾಕು.

ನೀವು ಕೇಳಿದ್ದು ಎಡವಟ್ಟೇನಲ್ಲ. ಆ ಕಾಲದಲ್ಲಿ ಎಲ್ಲರಿಗೂ ಎರಡು ಉದ್ಯೋಗ ಇದ್ದ ಹಾಗೇ. ಬೆಂಗಳೂರಿನ ಒಳ್ಳೆ ಟೀಮ್‌ಗಳು ಅಂದರೆ ಟೆಲಿಫೋನ್ ಮಾಡುವ ಐಟಿಐ, ವಿಮಾನ ಮಾಡುವ ಎಚ್‌ಎಎಲ್, ಎಲ್ಲ ಫ್ಯಾಕ್ಟರಿಗಳೇ. ಹಾಜರಿ ಪುಸ್ತಕದಲ್ಲಿ ಗುಮಾಸ್ತ, ಮೈದಾನದಲ್ಲಿ ಆಟಗಾರ. ಪ್ರಾಕ್ಟೀಸ್ ಮುಗಿಸಿ ಸೈನ್ ಹಾಕಿದರೆ ಸಂಬಳ ಬರುತ್ತಿತ್ತು, ಮಂಡಿ ಹೋದರೂ ನೌಕರಿ ಉಳಿಯುತ್ತಿತ್ತು. ದೇಶಕ್ಕೆಲ್ಲ ಒಂದು ಲೀಗ್ ಅಂತ ಬಂದಿದ್ದೇ 1996ರ ಡಿಸೆಂಬರ್‌ನಲ್ಲಿ, ರಾಷ್ಟ್ರೀಯ ಫುಟ್ಬಾಲ್ ಲೀಗ್. ಮೊದಲ ಸಲ ಗೆದ್ದಿದ್ದು ಪಂಜಾಬಿನ ಜೆಸಿಟಿ. ಹಾಗಾಗಿ ಪರ್ಮನೆಂಟ್ ನೌಕರಿ ಬಿಟ್ಟು ಕಲ್ಕತ್ತಾಗೆ ಹೋದರು ಅಂದರೆ ನಿಮ್ಮ ಅಂಕಲ್‌ಗೆ ಭಾರಿ ಗುಂಡಿಗೆ. ಅದನ್ನ ಕೇಳಿ. ಮನೆಯಲ್ಲಿ ಆವತ್ತು ಏನಂದರು ಅಂತ ಕೇಳಿ.

ಇನ್ನೊಂದು. "ಎಷ್ಟು ಗೋಲ್ ಹೊಡೆದಿದ್ದೀರಿ?" ಅಂತ ಮಾತ್ರ ಕೇಳಬೇಡಿ. ಮೊದಲು ಯಾವ ಪೊಸಿಷನ್ ಅಂತ ಕೇಳಿ. ಬ್ಯಾಕ್, ಅಂದರೆ ಹಿಂದೆ ನಿಂತು ಗೋಲ್ ತಡೆಯುವ ಜಾಗದಲ್ಲಿ, ಆಡಿದವರನ್ನ ಗೋಲ್ ಎಷ್ಟು ಅಂತ ಕೇಳುವುದು, ಅಡುಗೆಭಟ್ಟರನ್ನ ಎಷ್ಟು ಎಲೆಗೆ ಬಡಿಸಿದ್ರಿ ಅಂತ ಕೇಳಿದ ಹಾಗೆ. (ನನ್ನನ್ನ ಕೇಳಬಹುದು. ಜಾಸ್ತಿ ಇಲ್ಲ, ಆದರೂ ಕೇಳಬಹುದು.)

ಕಾಫಿ ಕಟ್ಟೆ:

ಹಾಕಿ ಮನೆಗೆ ಫುಟ್ಬಾಲ್ ಬೀಗರು! ನಮ್ಮಲ್ಲಿ ಚೆಂಡು ಕಾಲಿಗೆ ತಾಗಿದರೇ ಫೌಲು, ಅಂಥದ್ದರಲ್ಲಿ ಇವರು ಕಾಲಲ್ಲೇ ಜೀವನ ಮಾಡಿದ್ದಾರೆ. ನೀವೇನೂ ಯೋಚನೆ ಮಾಡಬೇಡಿ, ಬೂಟು ಇಲ್ಲ ಅಂತ 1950ರ ವರ್ಲ್ಡ್ ಕಪ್‌ಗೆ ನಮ್ಮವರನ್ನ ಸೇರಿಸಲಿಲ್ಲವಲ್ಲ, ಆ ಕಥೆ ಎತ್ತಿ. ಫುಟ್ಬಾಲಿನವರು ಅದರ ಮೇಲೆ ಎರಡು ಗಂಟೆ ಮಾತಾಡುತ್ತಾರೆ.

ಅಶೋಕನಗರ ಗ್ಯಾಲರಿ:

ಕಾಫಿ ಕಟ್ಟೆಯವರೇ, ಆ ಬೂಟಿನ ಕಥೆ ಎತ್ತಿದರೆ ಅವರು ಎರಡು ಗಂಟೆ ಮಾತಾಡುವುದಿಲ್ಲ, ಎದ್ದು ಹೋಗುತ್ತಾರೆ. ಪ್ರತಿ ಮದುವೆ ಮನೆಯಲ್ಲೂ ಯಾರಾದರೊಬ್ಬರು ಅದನ್ನೇ ಕೇಳಿರುತ್ತಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುಪಾಲು ಬರಿಗಾಲಲ್ಲಿ ಆಡಿದ್ದು ನಿಜ. ಫ್ರಾನ್ಸ್ ಮೇಲೆ 1-2ರಲ್ಲಿ ಸೋತದ್ದೂ ನಿಜ. ಆದರೆ 1950ಕ್ಕೆ ನಮಗೆ ಜಾಗ ಸಿಕ್ಕಿತ್ತು. ಹೋಗದೆ ಇದ್ದವರು ನಾವು. ಆವಾಗ ನಮ್ಮ ಫೆಡರೇಷನ್‌ಗೆ ಒಲಿಂಪಿಕ್ಸ್ ಬಿಟ್ಟರೆ ಬೇರೆಯದು ದೊಡ್ಡದಾಗಿ ಕಾಣುತ್ತಿರಲಿಲ್ಲ, ಬ್ರೆಜಿಲ್ ಅಂದರೆ ಹಡಗಿನಲ್ಲಿ ವಾರಗಟ್ಟಲೆ. ಬೂಟಿನದು ಬರೀ ನೆಪ ಅಂತ ಆ ಕಾಲದ ಕ್ಯಾಪ್ಟನ್ ಶೈಲೇನ್ ಮನ್ನಾ ಅವರೇ ಹೇಳಿದ್ದರು.

ನಾಪೋಕ್ಲು ಅವರೇ, ನಾನು ಬೆಂಗಳೂರಿನ ಫುಟ್ಬಾಲ್ ಸ್ಟೇಡಿಯಂ ಗ್ಯಾಲರಿಯಲ್ಲಿ ಕಡಲೆಕಾಯಿ ತಿಂದೇ ಮುದುಕನಾದವನು. ನಿಮ್ಮ ಬೀಗರು ಯಾವ ಏರಿಯಾದವರು ಅಂತ ಕೇಳಿ. ಆಸ್ಟಿನ್ ಟೌನ್, ಗೌತಮಪುರ ಅಂದರೆ ಅರ್ಧ ಕಥೆ ಅಲ್ಲೇ ಇದೆ. ಗೌತಮಪುರದಲ್ಲಿ ಪೆಲೆಗೆ ಪ್ರತಿಮೆ ನಿಲ್ಲಿಸಿದ್ದಾರೆ ಗೊತ್ತಾ? ಪಕ್ಕದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ.

ಬೆಂಗಳೂರಿನಿಂದ ಕಲ್ಕತ್ತಾಗೆ ಆಟಗಾರರು ಹೋಗುವುದು ಹೊಸದೇನಲ್ಲ. ನಮ್ಮೂರಿನ ಅಹಮದ್ ಖಾನ್ ಅಲ್ಲಿನ ಈಸ್ಟ್ ಬೆಂಗಾಲ್ ಕ್ಲಬ್‌ನ ಐದು ಜನ ಫಾರ್ವರ್ಡ್‌ಗಳಲ್ಲಿ ಒಬ್ಬರಾಗಿದ್ದರು, ಆ ಐವರನ್ನ ಬಂಗಾಳಿಗಳು ಪಂಚಪಾಂಡವರು ಅಂತಲೇ ಕರೆಯುತ್ತಿದ್ದರು. ಅಲ್ಲಿನ ಹುಚ್ಚು ನಿಮಗೆ ಗೊತ್ತಾಗಬೇಕು ಅಂದರೆ ಒಂದು ಲೆಕ್ಕ ಹೇಳುತ್ತೇನೆ. 1997ರ ಜುಲೈ 13, ಸಾಲ್ಟ್ ಲೇಕ್ ಸ್ಟೇಡಿಯಂ, ಫೆಡರೇಷನ್ ಕಪ್ ಸೆಮಿಫೈನಲ್. ಈಸ್ಟ್ ಬೆಂಗಾಲ್ 4, ಅದರ ಬದ್ಧವೈರಿ ಮೋಹನ್ ಬಾಗಾನ್ 1. ಬೈಚುಂಗ್ ಭುಟಿಯಾ ಮೂರು ಗೋಲ್. ಅವತ್ತು ಸೇರಿದ್ದ ಜನ 1,31,000ಕ್ಕೂ ಮೇಲೆ. 2011ರ ಜನಗಣತಿಯಲ್ಲಿ ನಿಮ್ಮ ಇಡೀ ಕೊಡಗಿನ ಜನ ಐದೂವರೆ ಲಕ್ಷ ಚಿಲ್ಲರೆ. ಅಂದರೆ ಜಿಲ್ಲೆಯ ಹತ್ತಿರ ಹತ್ತಿರ ಕಾಲು ಭಾಗ ಒಂದೇ ಮೈದಾನದ ಸುತ್ತ ಕೂತು ಬೊಬ್ಬೆ ಹೊಡೆದ ಹಾಗೆ! ಅಂಥ ಊರಿನಲ್ಲಿ ಆಡಿ ಬಂದವರಿಗೆ ನಿಮ್ಮವರು "ಓ" ಅಂದಿದ್ದಾರೆ.

ಕಲ್ಕತ್ತಾಗೆ ಸೈನ್ ಮಾಡಿದ್ದು ಹೇಗೆ ಅಂತ ಕೇಳಿ. ಸೈನಿಂಗ್ ಟೈಮಲ್ಲಿ ಎದುರು ಕ್ಲಬ್‌ನವರು ಎಗರಿಸದೆ ಇರಲಿ ಅಂತ ಆಟಗಾರರನ್ನ ಬಚ್ಚಿಡುತ್ತಿದ್ದರು. ಕಾಲ್ಪನಿಕ ಅಲ್ಲ, ನಿಜವಾಗಿ ಮನೆಯಲ್ಲಿ ಕೂಡಿ ಹಾಕುವುದು.

ರಾಜ್ಯ ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿ ವಿಷಯ ಬೇಕಾದರೆ ಎತ್ತಿ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಲ್ಲಿ ಸೋಲಿಸಿ ಗೆದ್ದಿತು. ಅದಕ್ಕೆ ಹಿಂದೆ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ನಡುವೆ 54 ವರ್ಷ. ನಿಮ್ಮ ಅಂಕಲ್ ಆಡಿದ ಕಾಲ ಪೂರ್ತಿ ಆ 54ರ ಒಳಗೇ ಬರುತ್ತದೆ. ಹಾಗಾಗಿ ಎತ್ತಿದರೂ ನಗುನಗುತ್ತಾ ಎತ್ತಿ.

ಹಾಕಿ ಮನೆ ಮಗಳು:

ನಾನು ಕೊಡವತಿ, ವಿರಾಜಪೇಟೆ ಕಡೆ. ಅಪ್ಪ ಸೇನಾಪಡೆಗಳ ಸರ್ವಿಸಸ್ ಟೀಮಿಗೆ ಹಾಕಿ ಆಡಿದವರು. ಹಾಗಾಗಿ ನಿವೃತ್ತ ಆಟಗಾರರ ಜೊತೆ ಒಂದೇ ಮನೆಯಲ್ಲಿ ಇದ್ದು ಗೊತ್ತು. ಮೇಲಿನವರಿಬ್ಬರೂ ಆಟದ ಬಗ್ಗೆ ಹೇಳಿದರು. ನಾನು ಮನುಷ್ಯರ ಬಗ್ಗೆ ಹೇಳುತ್ತೇನೆ.

ಮೊದಲು, ಒಂದು ಎತ್ತರದ ಕುರ್ಚಿ ಹಾಕಿಸಿ. ಅವರು ಕೂರದೆ ಇದ್ದದ್ದು ಸಂಕೋಚಕ್ಕಲ್ಲ. ತಗ್ಗಿನ ಹಲಗೆ ಮೇಲೆ ಕೂತರೆ ಎಲ್ಲರ ಮುಂದೆ ಕೈ ಊರಿ ಏಳಬೇಕಾಗುತ್ತದೆ, ಅದಕ್ಕೆ. ಅಪ್ಪನೂ ಹಾಗೇ. ಆ ಕಾಲದಲ್ಲಿ ಮಂಡಿಯೊಳಗೆ ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿದರೆ ಹೊಲಿಯುತ್ತಿರಲಿಲ್ಲ, ತೆಗೆದೇ ಹಾಕುತ್ತಿದ್ದರು. ಆಮೇಲೆ ಮೂಳೆಗೆ ಮೂಳೆ ತಿಕ್ಕುತ್ತದೆ. ಪುತ್ತರಿ ರಾತ್ರಿ ಕದಿರು ತೆಗೆಯೋಕೆ ಗದ್ದೆ ಬದುವಿನ ಮೇಲೆ ಕತ್ತಲಲ್ಲಿ ನಡೆಸಬೇಡಿ. "ಬನ್ನಿ ಬನ್ನಿ, ಏನೂ ಆಗಲ್ಲ" ಅಂತ ನಮ್ಮವರು ಎಳೆದುಕೊಂಡು ಹೋಗೇ ಹೋಗುತ್ತಾರೆ. ನೀವೇ ಮೊದಲು "ಅಂಕಲ್, ಇಲ್ಲಿ ನನ್ನ ಜೊತೆ ದೀಪ ನೋಡ್ಕೊಳ್ಳಿ" ಅಂತ ಒಂದು ಕೆಲಸ ಕೊಟ್ಟುಬಿಡಿ.

ಕಪ್ಪು, ಮೆಡಲ್ಲು ಕೇಳಬೇಡಿ. ರೂಮ್‌ಮೇಟ್ ಯಾರು, ರೈಲಿನಲ್ಲಿ ಏನು ತಿನ್ನುತ್ತಿದ್ದಿರಿ, ಮೊದಲ ಬೂಟು ಎಲ್ಲಿ ತಗೊಂಡಿರಿ, ಇಂಥದ್ದು ಕೇಳಿ. ನಮ್ಮಪ್ಪ ಫೈನಲ್ ಸ್ಕೋರು ಮರೆತಿದ್ದಾರೆ, ಜಲಂಧರ್‌ನಲ್ಲಿ ಕುಡಿದ ಲಸ್ಸಿ ಮರೆತಿಲ್ಲ. ದುಡ್ಡಿನ ಮಾತು ನೀವಾಗಿ ಎತ್ತಬೇಡಿ. "ಪಾಪ" ಅನ್ನಬೇಡಿ. ಇವತ್ತಿನ ಆಟಗಾರರ ಕೋಟಿಗಳನ್ನ ಅವರ ಎದುರು ಎಣಿಸಬೇಡಿ.

ಹುಡುಗನ ವಿಷಯ ನೀವೂ ಕೇಳಬೇಡಿ, ನಿಮ್ಮ ಯಜಮಾನರೂ ಕೇಳುವುದು ಬೇಡ. ದೊಡ್ಡವರು ಕೇಳಿದರೆ ಅದು ಉಪಕಾರ ಆಗುತ್ತದೆ. ಹುಡುಗನೇ ಕೇಳಲಿ. 13 ವರ್ಷದ ಹುಡುಗ ಚೆಂಡು ಹಿಡಿದುಕೊಂಡು ಎದುರು ನಿಂತರೆ ಇಲ್ಲ ಅನ್ನುವ ಆಟಗಾರನನ್ನ ನಾನಂತೂ ನೋಡಿಲ್ಲ.

ಅತ್ತೆಗೆ ಹೇಳಿ, ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕುಟುಂಬಗಳ ಹಾಕಿ ಶುರು ಮಾಡಿದಾಗಲೂ "ಇದೆಲ್ಲ ಯಾಕೆ" ಅಂದವರು ಇದ್ದೇ ಇರುತ್ತಾರೆ. 2024ರಲ್ಲಿ ನಿಮ್ಮ ನಾಪೋಕ್ಲಿನಲ್ಲೇ 360 ತಂಡ ಆಡಿ ಗಿನ್ನೆಸ್ ದಾಖಲೆ ಆಯಿತಲ್ಲ!

ಕಾಫಿ ಕಟ್ಟೆ:

ಬೂಟಿನ ಕಥೆ ವಾಪಸ್ ತಗೊಂಡೆ. ನಲವತ್ತು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ, ಈಗ ಎಲ್ಲರ ಮನೆಗೂ ಹೋಗಿ ತಿದ್ದಬೇಕಾ?

ನಾಪೋಕ್ಲು ಸೊಸೆ:

ಪುತ್ತರಿ ಮುಗಿಯಿತು. ಬಂದು ವರದಿ ಒಪ್ಪಿಸುತ್ತಿದ್ದೇನೆ.

ಹಾಕಿ ಮನೆ ಮಗಳಿಗೆ ಮೊದಲ ನಮಸ್ಕಾರ. ಕುರ್ಚಿ ಹಾಕಿಸಿದ್ದೆ. ನೋಡಿದ ಕೂಡಲೇ ಕೂತರು. ಏನೂ ಹೇಳಲಿಲ್ಲ, ನನ್ನ ಕಡೆ ಒಂದು ಸಲ ನೋಡಿದರು ಅಷ್ಟೇ. ರಾತ್ರಿ ಎಲ್ಲರೂ ಗದ್ದೆಗೆ ಇಳಿದಾಗ ಅಂಕಲ್, ನಾನು, ನಮ್ಮತ್ತೆ ಮನೆಯಲ್ಲಿ ಉಳಿದೆವು. ಕೆಳಗಿನಿಂದ ಕೋವಿ ಸದ್ದು, "ಪೊಲಿ ಪೊಲಿಯೇ ದೇವಾ" ಕೇಳಿಸುತ್ತಿತ್ತು. ಆಗ ಕೇಳಿದೆ, ಕಲ್ಕತ್ತಾಗೆ ಹೇಗೆ ಹೋದಿರಿ ಅಂತ.

ಗ್ಯಾಲರಿಯವರು ಹೇಳಿದ್ದು ಅಕ್ಷರಕ್ಕಕ್ಷರ ಸರಿ. ಹೌರಾ ಸ್ಟೇಷನ್‌ನಲ್ಲಿ ಇಳಿದ ಕೂಡಲೇ ಇಬ್ಬರು ಬಂದು ಪೆಟ್ಟಿಗೆ ಎತ್ತಿಕೊಂಡು ಟ್ಯಾಕ್ಸಿ ಹತ್ತಿಸಿದರಂತೆ. ಆರು ದಿನ ಯಾವುದೋ ಮನೆಯ ಮಹಡಿಯಲ್ಲಿ. ಹೊರಗೆ ಹೋಗುವ ಹಾಗಿಲ್ಲ, ಫೋನ್ ಇಲ್ಲ, ಹೊತ್ತು ಹೊತ್ತಿಗೆ ಮುಳ್ಳಿನ ಮೀನು. "ಮುಳ್ಳು ತೆಗೆದು ತಿನ್ನೋಕೆ ಕಲಿತಿದ್ದು ಅಲ್ಲೇ ಕಣಮ್ಮ. ಆ ಮನೇಲಿ ಒಂದು ಕುಂಟು ನಾಯಿ ಇತ್ತು. ಬೇಜಾರಾಗಿ ಅದರ ಜೊತೆ ಕನ್ನಡದಲ್ಲಿ ಮಾತಾಡ್ತಿದ್ದೆ. ಆರನೇ ದಿನ ನಾನು 'ಬಾರೋ' ಅಂದ್ರೆ ಬರ್ತಿತ್ತು." ನೌಕರಿ ಬಿಟ್ಟಾಗ ಅವರ ತಾಯಿ ಒಂದು ವಾರ ಮಾತು ಬಿಟ್ಟಿದ್ದರಂತೆ. ಮೊದಲ ಸೀಸನ್ ದುಡ್ಡಿನಲ್ಲಿ ಮನೆಗೆ ಫ್ರಿಜ್ ಬಂದ ಮೇಲೆ ಮಾತು ಬಂತಂತೆ. ನಮ್ಮತ್ತೆ ಇದಕ್ಕೆ ತುಂಬಾ ಹೊತ್ತು ನಕ್ಕರು. ಅವರು ಹಾಗೆ ನಗುವುದು ಅಪರೂಪ.

ಮರುದಿನ ಬೆಳಿಗ್ಗೆ. ಕಣದಲ್ಲಿ ಕಾಫಿ ಹರಡಿತ್ತು, ಹಾಗಾಗಿ ಅಂಗಳವೇ ಮೈದಾನ. ಮಗ ಚೆಂಡು ಹಿಡಿದು ಹೋಗಿ ನಿಂತ. "ಅಂಕಲ್, ನಿಮ್ಮದು ಯಾವ ಪೊಸಿಷನ್?" ಅಂದ. ಅಂಕಲ್ ಕಾಫಿ ಲೋಟ ಕೆಳಗಿಟ್ಟರು. "ಹಾಫ್. ರೈಟ್ ಹಾಫ್" ಅಂದರು. ನಡು ಮೈದಾನದ ಬಲಗಡೆ ಅಂತೆ. ಆಮೇಲೆ ಒಂದೂವರೆ ಗಂಟೆ ಆ ಕುರ್ಚಿಯಿಂದ ಏಳಲಿಲ್ಲ.

ಓಡಿಸುವುದು, ಒದೆಸುವುದು ಏನೂ ಇಲ್ಲ. ಹುಡುಗ ಅವರಿಗೆ ಮುಖ ಮಾಡಿ ನಿಲ್ಲಬೇಕು. ಅವನ ಬೆನ್ನ ಹಿಂದೆ ನಮ್ಮ ಯಜಮಾನರು. ಅಂಕಲ್ ಕೂತಲ್ಲಿಂದ ಚೆಂಡು ಉರುಳಿಸುತ್ತಾರೆ. ಚೆಂಡು ಕಾಲಿಗೆ ತಾಗುವ ಮುಂಚೆ ಹುಡುಗ ಹಿಂದೆ ತಿರುಗಿ ನೋಡಿ, ಅಪ್ಪ ಎಷ್ಟು ಬೆರಳು ಎತ್ತಿದ್ದಾರೆ ಅಂತ ಹೇಳಿ, ಆಮೇಲೆ ಚೆಂಡು ನಿಲ್ಲಿಸಬೇಕು. ಮೊದಲ ಹತ್ತೂ ತಪ್ಪು. ಬೆರಳು ಹೇಳಿದರೆ ಚೆಂಡು ಹೋಗುತ್ತದೆ, ಚೆಂಡು ಹಿಡಿದರೆ ಬೆರಳು ಹೋಗುತ್ತದೆ. ಮಗನ ಮುಖ ಕೆಂಪಾಯಿತು. ಅಂಕಲ್ ಹೇಳಿದ್ದು ಇಷ್ಟೇ: "ಚೆಂಡು ಹೇಗೂ ನಿನ್ನ ಹತ್ರಾನೇ ಬರ್ತಿದೆ. ಅದನ್ನ ಯಾಕೋ ಅಷ್ಟು ನೋಡ್ತೀಯ? ಹಿಂದೆ ಯಾರು ಬರ್ತಿದ್ದಾರೆ ನೋಡು."

ಸ್ವಲ್ಪ ಹೊತ್ತಿಗೆ ಯಜಮಾನರಿಗೆ ಕೈ ನೋವು ಬಂತು. ತಂಬುಟ್ಟು ತಟ್ಟೆ ಹಿಡಿದು ಬಂದ ನಮ್ಮತ್ತೆ, ತಟ್ಟೆ ನನ್ನ ಕೈಗೆ ಕೊಟ್ಟು ತಾವೇ ಹೋಗಿ ಬೆರಳು ಎತ್ತಿದರು. ಬೀಗರನ್ನ ಕೆಲಸಕ್ಕೆ ಹಚ್ಚಬಾರದು ಅಂದವರು! ಬೇಕು ಬೇಕು ಅಂತ ಕೊನೆ ಗಳಿಗೆಯಲ್ಲಿ ಬೆರಳು ಬದಲಾಯಿಸುತ್ತಿದ್ದರು.

ನಮ್ಮ ದೊಡ್ಡ ಮಾವ ಕೈಯಾಲೆಯಿಂದ ಇದನ್ನ ನೋಡುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಮೊದಲ "ಓ" ಅವರದ್ದೇ. ಅವರೂ ಹಾಕಿಯಲ್ಲಿ ಹಾಫ್ ಆಡುತ್ತಿದ್ದವರಂತೆ, ನನಗೇ ಗೊತ್ತಿರಲಿಲ್ಲ. ಎದ್ದು ಬಂದು "ನಮ್ಮ ಕೋಚ್ ನಮಗೆ ಬೆನ್ನಲ್ಲಿ ಕಣ್ಣು ಬೇಕು ಅಂತಿದ್ರು" ಅಂದರು. ಅಲ್ಲಿಗೆ ನನ್ನ ಅರ್ಧ ಗಂಟೆ ಹೋಯಿತು. ಅವರಿಬ್ಬರೂ ಕುರ್ಚಿ ಎಳೆದುಕೊಂಡು, ನೆಲದ ಮೇಲೆ ಕಾಫಿ ಬೀಜ ಜೋಡಿಸಿ, ಯಾರು ಎಲ್ಲಿ ನಿಲ್ಲಬೇಕು ಅಂತ ಶುರು ಮಾಡಿದರು. ಎರಡು ಸಲ ಊಟಕ್ಕೆ ಕರೆದೆ. ಆ ಬೀಜಗಳನ್ನ ಗುಡಿಸೋಕೂ ಬಿಡಲಿಲ್ಲ.

ದುಡ್ಡಿನ ಮಾತು ನಾನು ಎತ್ತಲಿಲ್ಲ. ಹೊರಡುವಾಗ ಅವರೇ ಹೇಳಿದರು. ಕೊನೆಗೆ ಆಡಿದ ಕ್ಲಬ್‌ನವರು, ಹೆಸರು ಹೇಳಲಿಲ್ಲ, ಎರಡು ತಿಂಗಳ ಸಂಬಳ ಇನ್ನೂ ಕೊಟ್ಟಿಲ್ಲವಂತೆ. ನನ್ನ ಬಾಯಿಗೆ "ಪಾಪ" ಬಂದೇ ಬಿಟ್ಟಿತ್ತು, ತಡೆದುಕೊಂಡೆ. "ಬರುತ್ತೆ ಬಿಡಮ್ಮ, 24 ವರ್ಷ ತಾನೇ ಆಗಿರೋದು" ಅಂದು ಕಾರು ಹತ್ತಿದರು. ಮೊದಲು ಎಡಗಾಲು, ಆಮೇಲೆ ಬಲಗಾಲನ್ನ ಎರಡು ಕೈಯಲ್ಲಿ ಎತ್ತಿ ಒಳಗೆ.

ಸುಂಟಿಕೊಪ್ಪ ಸೆಂಟರ್ ಫಾರ್ವರ್ಡ್:

ಅಕ್ಕಾ, ಆ ಬೆರಳಿನ ಪ್ರಾಕ್ಟೀಸ್ ನಾಳೆಯಿಂದ ನಮ್ಮ ಹುಡುಗರಿಗೂ. ನಿಮ್ಮ ಅತ್ತೆಯನ್ನ ಒಂದು ವಾರಕ್ಕೆ ಕಳಿಸಿಕೊಡಿ.

ಕಾಫಿ ಕಟ್ಟೆ:

ಎಲ್ಲ ಸರಿ, ಆ ಚಕ್ಕೋತ ಏನಾಯ್ತು?

ನಾಪೋಕ್ಲು ಸೊಸೆ:

ಅವತ್ತೇ ಸಂಜೆ ಉಪ್ಪು ಖಾರ ಹಾಕಿ ತಿಂದೆವು. ಅಷ್ಟು ಒದೆ ತಿಂದಿತ್ತಲ್ಲ, ಸುಲಿಯೋಕೆ ಸುಲಭವಾಯಿತು.